ಒಂದು ವೋಚರ್ ನೋಡಿ ಬ್ಯಾಲೆನ್ಸ್ ಶೀಟ್ ಬರೆಯಬೇಡಿ

ಇವತ್ತು ಸ್ವಲ್ಪ ಬೇರೆ ವಿಷಯ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಬಿ.ಕಾಂ. ಮುಗಿಸಿ, ಬ್ಯಾಂಕ್ ಸೇರಿ, ಮುಂಬಯಿಗೆ ಬಂದು, ಮೂವತ್ತು ವರ್ಷದಿಂದ ಡೆಬಿಟ್ಟು-ಕ್ರೆಡಿಟ್ಟು ನೋಡಿಕೊಂಡು ಬಂದವನು. ಯಾವ ಮಾತ್ರೆ ನುಂಗಬೇಕು, ಯಾವುದನ್ನು ಬಿಡಬೇಕು ಅಂತ ಹೇಳುವ ಅಧಿಕಾರ ನನಗಿಲ್ಲ, ಹೇಳುವುದೂ ಇಲ್ಲ. ಹೇಳಬೇಕೆಂದಿರುವುದು ಲೆಕ್ಕ ನೋಡುವ ಕ್ರಮದ ಬಗ್ಗೆ. ಅದೊಂದು ಮಾತ್ರ ನನ್ನ ಕಸುಬು.

ನನ್ನ ಮಾತು ಇಷ್ಟೇ. ವೈದ್ಯಕೀಯ ಸಂಶೋಧನೆಯ ಬಗ್ಗೆ ನಾವು ಸಾಮಾನ್ಯರು ಏನಾದರೂ ತಿಳಿದುಕೊಳ್ಳಬೇಕು ಅಂತಿದ್ದರೆ ಒಂಟಿ ಅಧ್ಯಯನದ ಹಿಂದೆ ಓಡಬಾರದು, ರಿವ್ಯೂ ಲೇಖನ ಹುಡುಕಬೇಕು. ಅದೂ ಯಾವ ಜಾತಿಯ ರಿವ್ಯೂ ಅಂತ ನೋಡಿಕೊಂಡು. ಇದನ್ನು ಕಲಿಯುವುದಕ್ಕೆ ಎಂಬಿಬಿಎಸ್ ಬೇಡ. ಪಾಸ್‌ಬುಕ್ಕಿನಲ್ಲಿ ಓಪನಿಂಗ್ ಬ್ಯಾಲೆನ್ಸ್ ಎಲ್ಲಿದೆ, ಕ್ಲೋಸಿಂಗ್ ಬ್ಯಾಲೆನ್ಸ್ ಎಲ್ಲಿದೆ ಅಂತ ನೋಡಲು ಬರುವವನಿಗೆ ಇದೂ ಬರುತ್ತದೆ.

ಈ ಉಸಾಬರಿ ನಿನಗ್ಯಾಕೆ ಅಂತ ಕೇಳಬಹುದು. ಹೊರನಾಡಿನಲ್ಲಿ ಬಹಳ ವರ್ಷ ಇದ್ದವರಿಗೆ ಗೊತ್ತಿರುತ್ತದೆ. ಊರಿನವರ ಪಾಲಿಗೆ ನಾವು ಒಂದು ಥರ ವಿಚಾರಣಾ ಕಚೇರಿ. ಪರೇಲಿನ ಟಾಟಾ ಆಸ್ಪತ್ರೆಗೆ ಫೈಲು ಹಿಡಿದುಕೊಂಡು ಬರುವ ದೂರದ ನೆಂಟರಿಂದ ಹಿಡಿದು, "ನೀವು ಮುಂಬಯಿಯಲ್ಲಿದ್ದೀರಿ, ಇಂಗ್ಲಿಷು ಬರುತ್ತೆ, ಸ್ವಲ್ಪ ವಿಚಾರಿಸಿ ಹೇಳಿ" ಅಂತ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುವ ಚಿಕ್ಕಮ್ಮನವರೆಗೆ. ಜತೆಗೆ ಮನೆಯ ವಾಟ್ಸಪ್ ಗುಂಪು. ಅಲ್ಲಿ ದಿನಕ್ಕೊಂದು "ಅಮೆರಿಕದ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ". ಇವತ್ತು ಕಾಫಿ ಹೃದಯಕ್ಕೆ ಒಳ್ಳೆಯದು, ಬರುವ ಗುರುವಾರ ಕೆಟ್ಟದ್ದು. ನಮ್ಮ ಸೊಸೈಟಿಯಲ್ಲಿ ಒಬ್ಬರು ಇಂಥದ್ದೊಂದು ಸಂದೇಶ ಓದಿ ಬಿಪಿ ಮಾತ್ರೆ ನಿಲ್ಲಿಸಿ ಕಷಾಯ ಶುರು ಮಾಡಿದರು. ಎರಡು ತಿಂಗಳಲ್ಲಿ ಐಸಿಯು ನೋಡಿಕೊಂಡು ಬಂದರು. ಪುಣ್ಯಕ್ಕೆ ಬದುಕಿ ಬಂದರು. ಆ ಸಂದೇಶದಲ್ಲಿ ಒಂದು ಅಧ್ಯಯನದ ಹೆಸರೂ ಇತ್ತು ನೋಡಿ! ಸುಳ್ಳು ಅಧ್ಯಯನವಲ್ಲ, ನಿಜವಾದದ್ದೇ. ಆದರೆ ಒಂದೇ ಒಂದು, ಅದೂ ಚಿಕ್ಕದು.

ನಾವು ಮಾತಾಡುತ್ತಿರುವುದು ಈ "ಒಂದೇ ಒಂದು"ರ ಬಗ್ಗೆ.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಒಂದು ಅಧ್ಯಯನ ಅಂದರೆ ಒಂದು ವೋಚರ್. ವೋಚರ್ ಸಾಚಾ ಇರಬಹುದು, ಸಹಿ ಸರಿ ಇರಬಹುದು. ಆದರೆ ಒಂದು ವೋಚರ್ ನೋಡಿ ಕಂಪನಿ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಹೇಳುವವನನ್ನು ಯಾವ ಬ್ರಾಂಚಿನಲ್ಲೂ ಕೂರಿಸುವುದಿಲ್ಲ. ಎಲ್ಲ ವೋಚರ್‌ಗಳನ್ನೂ ತೆಗೆದು, ಖರ್ಚಿನದ್ದೂ ಜಮೆಯದ್ದೂ ಸೇರಿಸಿ, ಟ್ಯಾಲಿ ಮಾಡಿ, ಕೊನೆಗೆ ಒಂದು ಬ್ಯಾಲೆನ್ಸ್ ಶೀಟ್. ವೈದ್ಯಕೀಯದಲ್ಲಿ ಆ ಬ್ಯಾಲೆನ್ಸ್ ಶೀಟಿಗೆ ರಿವ್ಯೂ ಅಂತ ಹೆಸರು.

ಇವೆಲ್ಲ ಎಲ್ಲಿ ಸಿಗುತ್ತವೆ? ಪಬ್‌ಮೆಡ್‌ನಲ್ಲಿ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಲೆಡ್ಜರ್ ಅದು. ಇದರ ಕತೆಯೂ ಚೆನ್ನಾಗಿದೆ. 1879ರಲ್ಲಿ ಜಾನ್ ಶಾ ಬಿಲ್ಲಿಂಗ್ಸ್ ಅನ್ನುವ ಸೇನಾ ವೈದ್ಯರು ಪ್ರಪಂಚದ ವೈದ್ಯಕೀಯ ಲೇಖನಗಳಿಗೆಲ್ಲ ಒಂದು ಸೂಚಿ ಇರಲಿ ಅಂತ "ಇಂಡೆಕ್ಸ್ ಮೆಡಿಕಸ್" ಶುರು ಮಾಡಿದರು. ದಪ್ಪ ದಪ್ಪ ಸಂಪುಟಗಳು. ಆಮೇಲೆ 1964ರಲ್ಲಿ ಕೆಲಸ ಕಂಪ್ಯೂಟರಿಗೆ ಬಂತು, 1971ರಲ್ಲಿ ಮೆಡ್‌ಲೈನ್ ಅನ್ನುವ ಆನ್‌ಲೈನ್ ಸೇವೆ ಬಂತು. ಆದರೆ ಅದು ದೊಡ್ಡ ಗ್ರಂಥಾಲಯಗಳಿಗೆ, ದುಡ್ಡು ಕೊಡುವವರಿಗೆ. 1997ರ ಜೂನ್‌ನಲ್ಲಿ ಪಬ್‌ಮೆಡ್ ಹೆಸರಿನಲ್ಲಿ ಅದನ್ನು ಪ್ರಪಂಚಕ್ಕೆಲ್ಲ ಪುಕ್ಕಟೆಯಾಗಿ ತೆರೆದಿಟ್ಟರು. ಈಗ ಅದರಲ್ಲಿ 3.7 ಕೋಟಿಗೂ ಹೆಚ್ಚು ಲೇಖನಗಳ ದಾಖಲೆ ಇದೆ. ಹೆಚ್ಚಿನವುಗಳ ಸಾರಾಂಶ ಉಚಿತ. 2000ದಲ್ಲಿ ಶುರುವಾದ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಎಷ್ಟೋ ಪೂರ್ತಿ ಲೇಖನಗಳೂ ಉಚಿತ. ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ನೋಡಬಹುದು, ನಿಲ್ಲಲು ಜಾಗ ಸಿಕ್ಕಿದರೆ!

ಆದರೆ 3.7 ಕೋಟಿ ವೋಚರ್ ಎದುರಿಗೆ ಸುರಿದರೆ ಏನು ಮಾಡುತ್ತೀರಿ? ನಮಗೆ ಬೇಕಾದ ಉತ್ತರ ಕೊಡುವ ಒಂದು ವೋಚರ್ ಖಂಡಿತ ಅದರಲ್ಲಿ ಸಿಗುತ್ತದೆ. ತೊಂದರೆ ಇರುವುದೇ ಅಲ್ಲಿ. ಬೆಳ್ಳುಳ್ಳಿಯಿಂದ ಎಲ್ಲ ವಾಸಿ ಅನ್ನುವವನಿಗೂ ಒಂದು ಸಿಗುತ್ತದೆ, ಬೆಳ್ಳುಳ್ಳಿಯಿಂದ ಏನೂ ಇಲ್ಲ ಅನ್ನುವವನಿಗೂ ಒಂದು ಸಿಗುತ್ತದೆ. ಇಬ್ಬರೂ "ಪಬ್‌ಮೆಡ್‌ನಲ್ಲಿದೆ ಸ್ವಾಮಿ" ಅನ್ನುತ್ತಾರೆ. ಪಬ್‌ಮೆಡ್‌ನಲ್ಲಿ ಇದ್ದ ಮಾತ್ರಕ್ಕೆ ಆ ಗ್ರಂಥಾಲಯ ಅದನ್ನು ಒಪ್ಪಿದೆ ಅಂತ ಅರ್ಥವಲ್ಲ. ಲಾಕರಿನಲ್ಲಿಟ್ಟ ಮಾತ್ರಕ್ಕೆ ಒಡವೆ ಅಸಲಿ ಅಂತ ಬ್ಯಾಂಕು ಹೇಳಿದ ಹಾಗಾಯಿತೇ?

ಹೀಗೆ ಎಲ್ಲ ವೋಚರ್ ಕೂಡಿಸಿ ನೋಡದೇ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ನಿಜವಾದ ಕತೆ ಹೇಳುತ್ತೇನೆ.

ತಿಂಗಳು ತುಂಬುವ ಮೊದಲೇ ಹುಟ್ಟುವ ಶಿಶುಗಳಿಗೆ ಶ್ವಾಸಕೋಶ ಬಲಿತಿರುವುದಿಲ್ಲ. ಅಂಥ ಹೆರಿಗೆ ಆಗುವ ಸೂಚನೆ ಇದ್ದಾಗ ತಾಯಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಅಂತ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು 1972ರಲ್ಲಿ ಪ್ರಕಟಿಸಿದರು. ಆಮೇಲೆ ಬೇರೆ ಬೇರೆ ಕಡೆ ಇಂಥವೇ ಪ್ರಯೋಗಗಳು ನಡೆದವು. ಹೆಚ್ಚಿನವು ಚಿಕ್ಕವು. ಕೆಲವು ಹೌದು ಅಂದವು, ಕೆಲವು "ಸ್ಪಷ್ಟವಿಲ್ಲ" ಅಂದವು. ವೈದ್ಯರು ಒಂದೊಂದನ್ನೇ ಓದಿ ಅನುಮಾನದಲ್ಲೇ ಉಳಿದರು. ಎಲ್ಲವನ್ನೂ ಕೂಡಿಸಿದ ಕ್ರಮಬದ್ಧ ರಿವ್ಯೂ ಬಂದದ್ದು 1989ರಲ್ಲಿ! ಕೂಡಿಸಿ ನೋಡಿದಾಗ ಲೆಕ್ಕ ಸ್ಪಷ್ಟ. ಅಕಾಲ ಜನನದ ತೊಂದರೆಯಿಂದ ಶಿಶು ಸಾಯುವ ಸಂಭವ ಶೇಕಡಾ 30ರಿಂದ 50ರಷ್ಟು ಇಳಿಯುತ್ತಿತ್ತು. ಇದೇ ಲೆಕ್ಕವನ್ನು ಎಷ್ಟೋ ವರ್ಷ ಮೊದಲೇ ಕೂಡಿಸಬಹುದಿತ್ತು. ಯಾರೂ ಕೂಡಿಸಲಿಲ್ಲ. ಆ ನಡುವಿನ ವರ್ಷಗಳಲ್ಲಿ ಈ ಇಂಜೆಕ್ಷನ್ ಸಿಗದೆ ಹೋದ ಶಿಶುಗಳೆಷ್ಟೋ.

1993ರಲ್ಲಿ ಇಂಗ್ಲೆಂಡಿನಲ್ಲಿ ಇಯನ್ ಚಾಮರ್ಸ್ ಮತ್ತು ಅವರ ಸಂಗಡಿಗರು ಕಾಕ್ರೇನ್ ಅನ್ನುವ ಸಂಸ್ಥೆ ಕಟ್ಟಿದರು. ಇಂಥ ಲೆಕ್ಕ ಕೂಡಿಸುವುದೇ ಅದರ ಕೆಲಸ. ವೈದ್ಯಲೋಕ ತನ್ನದೇ ಪ್ರಯೋಗಗಳ ಒಟ್ಟು ಲೆಕ್ಕ ಇಟ್ಟುಕೊಂಡಿಲ್ಲವಲ್ಲ ಅಂತ 1979ರಲ್ಲೇ ಟೀಕಿಸಿದ್ದ ಆರ್ಚಿ ಕಾಕ್ರೇನ್ ಅವರ ಹೆಸರನ್ನೇ ಇಟ್ಟರು. ಆ ಸಂಸ್ಥೆಯ ಲಾಂಛನದಲ್ಲಿ ಕೆಲವು ಅಡ್ಡಗೆರೆ, ಕೆಳಗೊಂದು ಚಿಕ್ಕ ವಜ್ರಾಕಾರ ಕಾಣುತ್ತದೆ. ಅದು ಅಲಂಕಾರ ಅಲ್ಲ, ಈ ಇಂಜೆಕ್ಷನ್ನಿನ ಲೆಕ್ಕವೇ. ಒಂದೊಂದು ಗೆರೆ ಒಂದೊಂದು ಪ್ರಯೋಗ, ಕೆಳಗಿನ ವಜ್ರ ಅವುಗಳ ಒಟ್ಟು ಮೊತ್ತ. ಬ್ಯಾಲೆನ್ಸ್ ಶೀಟನ್ನೇ ಲಾಂಛನ ಮಾಡಿಕೊಂಡ ಸಂಸ್ಥೆ ಅಂದರೆ ನನ್ನಂಥವನಿಗೆ ಖುಷಿಯಾಗದೇ ಇರುತ್ತದೆಯೇ!

ಇನ್ನೊಂದು ಉದಾಹರಣೆ. ಕೂಸುಗಳನ್ನು ಬೋರಲು ಮಲಗಿಸುವುದು ಒಳ್ಳೆಯದು ಅಂತ ಪಾಶ್ಚಾತ್ಯ ದೇಶಗಳಲ್ಲಿ ದಶಕಗಟ್ಟಲೆ ಪುಸ್ತಕಗಳು ಹೇಳುತ್ತಿದ್ದವು. ಬೋರಲು ಮಲಗಿಸಿದ ಕೂಸುಗಳು ನಿದ್ದೆಯಲ್ಲೇ ಸಾಯುವುದು ಹೆಚ್ಚು ಅನ್ನುವ ಸುಳಿವು 1970ರ ಹೊತ್ತಿಗೇ ಪ್ರಕಟವಾದ ಅಧ್ಯಯನಗಳಲ್ಲಿತ್ತು. ಕೂಡಿಸಿ ನೋಡುವವರಿರಲಿಲ್ಲ. 2005ರಲ್ಲಿ ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು ಹಳೆಯ ಲೆಕ್ಕ ತೆಗೆದು ನೋಡಿದರು. 1970ರಲ್ಲೇ ಕೂಡಿಸಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯೂರೋಪು, ಅಮೆರಿಕ, ಆಸ್ಟ್ರೇಲಿಯಾ ಭಾಗಗಳಲ್ಲಿ ಕನಿಷ್ಠ 50,000 ಕೂಸುಗಳ ಸಾವು ತಪ್ಪಿಸಬಹುದಿತ್ತು ಅಂತ ಅವರ ಅಂದಾಜು. ಲೆಡ್ಜರ್ ಟ್ಯಾಲಿ ಮಾಡದಿದ್ದರೆ ನಮ್ಮಲ್ಲಿ ಮೆಮೋ ಬರುತ್ತದೆ. ಅಲ್ಲಿ ತೊಟ್ಟಿಲು ಖಾಲಿಯಾಯಿತು.

ಸರಿ, ರಿವ್ಯೂ ಮುಖ್ಯ ಅಂತಾಯಿತು. ಆದರೆ ರಿವ್ಯೂ ಅಂತ ಬೋರ್ಡು ಹಾಕಿಕೊಂಡದ್ದೆಲ್ಲ ಒಂದೇ ಅಲ್ಲ. ಇದರಲ್ಲಿ ಎರಡು ಜಾತಿ.

ಒಂದು, ಪರಿಣತರೊಬ್ಬರು ಕೂತು ತಮಗೆ ತಿಳಿದ, ತಮಗೆ ಸರಿ ಕಂಡ ಅಧ್ಯಯನಗಳನ್ನು ಆರಿಸಿ ಬರೆದ ನಿರೂಪಣೆ. ವಿಷಯ ಪರಿಚಯಕ್ಕೆ ಇದು ಬಹಳ ಒಳ್ಳೆಯದು. ಕಾಯಿಲೆ ಅಂದರೇನು, ಯಾಕೆ ಬರುತ್ತದೆ, ಯಾವ ಚಿಕಿತ್ಸೆಗಳಿವೆ ಎಲ್ಲ ಒಂದೇ ಕಡೆ ಸಿಗುತ್ತದೆ. ಆದರೆ ಇದು ಚೇರ್ಮನ್ನರ ಭಾಷಣ ಇದ್ದ ಹಾಗೆ. ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಇರುತ್ತದಲ್ಲ, ನಗುವ ಫೋಟೋ ಸಮೇತ, ಅದು.

ಇನ್ನೊಂದು ಸಿಸ್ಟಮ್ಯಾಟಿಕ್ ರಿವ್ಯೂ, ಅಂದರೆ ಕ್ರಮಬದ್ಧ ರಿವ್ಯೂ. ಪ್ರಶ್ನೆ ಏನು, ಎಲ್ಲೆಲ್ಲಿ ಹುಡುಕಿದೆವು, ಎಷ್ಟು ಸಿಕ್ಕವು, ಯಾವುದನ್ನು ಯಾಕೆ ಬಿಟ್ಟೆವು ಅಂತ ಮೊದಲೇ ಬರೆದಿಟ್ಟು ಮಾಡುವ ಕೆಲಸ. ಬೇರೆ ಯಾರಾದರೂ ಅದೇ ದಾರಿಯಲ್ಲಿ ನಡೆದು ಪರೀಕ್ಷಿಸಬಹುದು. ಅಂಕಿಗಳನ್ನು ಕೂಡಿಸಿ ಒಂದು ಮೊತ್ತ ತೆಗೆದರೆ ಅದಕ್ಕೆ ಮೆಟಾ ಅನಾಲಿಸಿಸ್ ಅನ್ನುತ್ತಾರೆ. ಇದು ಆಡಿಟ್ ಆದ ಲೆಕ್ಕ.

ಈ ವ್ಯತ್ಯಾಸ ಎಷ್ಟು ದೊಡ್ಡದು ಅನ್ನುವುದನ್ನು 1992ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರ, ಜೋಸೆಫ್ ಲಾವ್ ಮತ್ತು ಎಲಿಯಟ್ ಆಂಟ್‌ಮನ್ ಅವರ, ತಂಡ ತೋರಿಸಿಕೊಟ್ಟಿತು. ಹೃದಯಾಘಾತದಲ್ಲಿ ರಕ್ತದ ಗಂಟು ಕರಗಿಸಲು ಸ್ಟ್ರೆಪ್ಟೋಕೈನೇಸ್ ಅನ್ನುವ ಔಷಧ ಕೊಡುತ್ತಿದ್ದರು. 1973ರ ಹೊತ್ತಿಗೆ 8 ಪ್ರಯೋಗ, 2,432 ರೋಗಿಗಳು. ಅಷ್ಟನ್ನು ಕೂಡಿಸಿದರೇ ಔಷಧ ಜೀವ ಉಳಿಸುತ್ತದೆ ಅಂತ ಗೊತ್ತಾಗುತ್ತಿತ್ತು. ಆದರೂ 1988ರವರೆಗೆ ಇನ್ನೂ 25 ಪ್ರಯೋಗ, 34,542 ರೋಗಿಗಳು! ಅಷ್ಟೇ ಅಲ್ಲ, ಪರಿಣತರು ಬರೆದ ರಿವ್ಯೂಗಳನ್ನೂ ಪಠ್ಯಪುಸ್ತಕಗಳನ್ನೂ ಇದೇ ತಂಡ ತೆಗೆದು ನೋಡಿತು. ಕೂಡಿಸಿದ ಲೆಕ್ಕ ಹೇಳುತ್ತಿದ್ದ ಸತ್ಯ ಅವುಗಳಲ್ಲಿ ಎಷ್ಟೋ ವರ್ಷ ತಡವಾಗಿ ಬಂದಿತ್ತು. ಪ್ರಯೋಜನ ಕಾಣದ ಚಿಕಿತ್ಸೆಗಳನ್ನು ಕೆಲವರು ಶಿಫಾರಸು ಮಾಡುತ್ತಲೇ ಇದ್ದರು. ಬರೆದವರು ದೊಡ್ಡವರೇ. ಆದರೆ ದೊಡ್ಡವರ ನೆನಪಿಗಿಂತ ಚಿಕ್ಕವನ ಕೂಡುಲೆಕ್ಕ ಮೇಲು.

ಈಗ ಹುಡುಕುವುದು ಹೇಗೆ? ನಾನು ಮಾಡುವ ಕ್ರಮ ಹೇಳುತ್ತೇನೆ, ನಮ್ಮ ಮನೆಯದ್ದೇ ಉದಾಹರಣೆ ಇಟ್ಟುಕೊಂಡು. ನನ್ನ ಹೆಂಡತಿಗೆ ಮೊಣಕಾಲು ನೋವು. ಸವೆತ. ಮುಂಬಯಿಯ ರೈಲ್ವೆ ಮೆಟ್ಟಿಲು ಹತ್ತಿಳಿದವರಿಗೆ ಇದು ಪೆನ್ಶನ್ನಿನ ಜತೆ ಬರುವ ಬೋನಸ್ಸು. ಗ್ಲುಕೋಸಮೈನ್ ಮಾತ್ರೆ ತಗೊಳ್ಳಿ ಅಂತ ಹೇಳದವರಿಲ್ಲ. ತಿಂಗಳು ತಿಂಗಳೂ ಖರ್ಚು, ವರ್ಷಗಟ್ಟಲೆ.

ಮೊದಲು ಪ್ರಶ್ನೆಯನ್ನು ತುಂಡು ಮಾಡಬೇಕು. ಯಾರಿಗೆ? ಮೊಣಕಾಲು ಸವೆದವರಿಗೆ. ಏನು ಕೊಟ್ಟರೆ? ಗ್ಲುಕೋಸಮೈನ್. ಯಾವುದಕ್ಕೆ ಹೋಲಿಸಿ? ಸಕ್ಕರೆ ಮಾತ್ರೆಗೆ. ಏನಾಗಬೇಕು? ನೋವು ಕಡಿಮೆ. ಬರೀ "ಮೊಣಕಾಲು ನೋವಿಗೆ ಔಷಧ" ಅಂತ ಹುಡುಕಿದರೆ ಸಮುದ್ರಕ್ಕೆ ಬಿದ್ದ ಹಾಗೆ.

ಎರಡನೆಯದು, ಪದಗಳು. ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು. ಗ್ಲುಕೋಸಮೈನ್, ನೀ, ಆಸ್ಟಿಯೋಆರ್ಥ್ರೈಟಿಸ್ ಇಷ್ಟು ಸಾಕು. ಆ ಗ್ರಂಥಾಲಯದವರು 1960ರಿಂದ ಮೆಶ್ ಅನ್ನುವ ವಿಷಯಸೂಚಿ ಇಟ್ಟುಕೊಂಡಿದ್ದಾರೆ. ನಮ್ಮ ಜನರಲ್ ಲೆಡ್ಜರಿನ ಹೆಡ್ಡುಗಳ ಹಾಗೆ, ಒಂದು ವಿಷಯಕ್ಕೆ ಒಂದೇ ಹೆಡ್ಡು. ನಾವು ಹಾರ್ಟ್ ಅಟ್ಯಾಕ್ ಅಂತ ಹಾಕಿದರೂ ಅದು ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಅನ್ನುವ ಹೆಡ್ಡಿಗೆ ತಾನೇ ಹೊಂದಿಸಿಕೊಂಡು ಹುಡುಕುತ್ತದೆ. ಒಂದು ಎಚ್ಚರಿಕೆ. ಪದಗಳಿಗೆ ಉದ್ಧರಣ ಚಿಹ್ನೆ ಹಾಕಿದರೆ ಈ ಹೊಂದಾಣಿಕೆ ನಿಂತುಹೋಗುತ್ತದೆ, ಆದ್ದರಿಂದ ಶುರುವಿನಲ್ಲಿ ಹಾಕಬೇಡಿ.

ಮೂರನೆಯದು, ಜಾಲರಿ. ಫಲಿತಾಂಶದ ಪಕ್ಕದಲ್ಲಿ ಲೇಖನದ ಬಗೆ ಆರಿಸುವ ಪಟ್ಟಿ ಇರುತ್ತದೆ. ಬರೀ ರಿವ್ಯೂ ಅಂತ ಟಿಕ್ ಮಾಡಿದರೆ ಚೇರ್ಮನ್ನರ ಭಾಷಣಗಳೂ ಬರುತ್ತವೆ. ಸಿಸ್ಟಮ್ಯಾಟಿಕ್ ರಿವ್ಯೂ ಮತ್ತು ಮೆಟಾ ಅನಾಲಿಸಿಸ್ ಎರಡಕ್ಕೆ ಟಿಕ್ ಮಾಡಿ. ಉಚಿತ ಪೂರ್ಣ ಪಾಠ ಬೇಕಿದ್ದರೆ ಅದಕ್ಕೂ ಒಂದು ಟಿಕ್ ಇದೆ. ಆದರೆ ಉಚಿತದ ಆಸೆಗೆ ಮುಖ್ಯವಾದದ್ದನ್ನು ಕಳೆದುಕೊಳ್ಳಬೇಡಿ, ಸಾರಾಂಶವೇ ಎಷ್ಟೋ ಹೇಳುತ್ತದೆ. ಮೊದಲು ಕಾಣುವುದು ಹೊಸದೇ ಅಂತಲೂ ಅಲ್ಲ. 2020ರಲ್ಲಿ ಬಂದ ಹೊಸ ರೂಪದಲ್ಲಿ "ಚೆನ್ನಾಗಿ ಹೊಂದುವುದು" ಮೊದಲು ಬರುತ್ತದೆ, ದಿನಾಂಕ ನಾವೇ ನೋಡಿಕೊಳ್ಳಬೇಕು.

ನಾಲ್ಕನೆಯದು, ಓದುವುದು. ತೀರ್ಮಾನದ ಸಾಲಿಗೆ ಹಾರಬೇಡಿ. ಎಷ್ಟು ಪ್ರಯೋಗ, ಎಷ್ಟು ಜನ, ಪುರಾವೆ ಎಷ್ಟು ಗಟ್ಟಿ, ಯಾರ ದುಡ್ಡು, ಈ ನಾಲ್ಕು ನೋಡಿ. ಲೇಖಕರ ಹಿತಾಸಕ್ತಿಯ ಹೇಳಿಕೆಯನ್ನು ಪಬ್‌ಮೆಡ್ 2017ರಿಂದ ಸಾರಾಂಶದ ಕೆಳಗೇ ತೋರಿಸುತ್ತಿದೆ, ಪ್ರಕಾಶಕರು ಕೊಟ್ಟಿದ್ದರೆ.

ಗ್ಲುಕೋಸಮೈನ್ ವಿಷಯದಲ್ಲಿ ಹೀಗೆ ನೋಡಿದಾಗ ಏನು ಕಂಡಿತು? 2005ರ ಕಾಕ್ರೇನ್ ರಿವ್ಯೂದಲ್ಲಿ ಒಂದು ಕಂಪನಿಯ ತಯಾರಿಕೆ ಬಳಸಿದ ಪ್ರಯೋಗಗಳು ನೋವು ಕಡಿಮೆ ಅಂದಿದ್ದವು, ಬೇರೆ ತಯಾರಿಕೆಯವು ಹಾಗೆ ಹೇಳಲಿಲ್ಲ. 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಮೆಟಾ ಅನಾಲಿಸಿಸ್ 10 ದೊಡ್ಡ ಪ್ರಯೋಗಗಳ 3,803 ರೋಗಿಗಳನ್ನು ಕೂಡಿಸಿ, ಗ್ಲುಕೋಸಮೈನ್ ಆಗಲಿ ಕೊಂಡ್ರಾಯ್ಟಿನ್ ಆಗಲಿ ಎರಡೂ ಸೇರಿಸಿದ್ದಾಗಲಿ ಸಕ್ಕರೆ ಮಾತ್ರೆಗಿಂತ ಗಮನಾರ್ಹವಾಗಿ ನೋವು ಇಳಿಸಲಿಲ್ಲ ಅಂದಿತು. ಕಂಪನಿಗಳಿಂದ ಸ್ವತಂತ್ರವಾದ ಪ್ರಯೋಗಗಳಲ್ಲಿ ಲಾಭ ಇನ್ನೂ ಚಿಕ್ಕದು. ಅಪಾಯವೂ ಹೆಚ್ಚೇನಿಲ್ಲ ಅಂತಲೂ ಇತ್ತು. ನಾವು ಈ ಎರಡು ಸಾರಾಂಶ ಪ್ರಿಂಟ್ ತೆಗೆದು ಡಾಕ್ಟರ ಮುಂದಿಟ್ಟು, "ಇವಳ ವಿಷಯದಲ್ಲಿ ಇದು ಅನ್ವಯಿಸುತ್ತದೆಯೇ?" ಅಂತ ಕೇಳಿದೆವು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಬೇಡದಿದ್ದರೆ ಬಿಡಿ, ತೊಡೆಯ ವ್ಯಾಯಾಮ ಮಾತ್ರ ಬಿಡಬೇಡಿ ಅಂದರು. ನೋವು ಪೂರ್ತಿ ಹೋಗಿಲ್ಲ, ನಿಜ. ಆದರೆ ತಿಂಗಳ ಬಿಲ್ಲು ಹೋಯಿತು.

ಇನ್ನು ಆಡಿಟ್ ಆದ ಲೆಕ್ಕ ಕೂಡ ವೇದವಾಕ್ಯ ಅಲ್ಲ. ಬ್ಯಾಂಕಿನವನಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನ ಮೇಕಪ್ಪು ನಾವು ನೋಡದ್ದೇ?

ಕೋವಿಡ್ ಕಾಲದ ಐವರ್‌ಮೆಕ್ಟಿನ್ ನೆನಪಿದೆಯೇ? 2021ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಗೋವಾ ಸರಕಾರ 18 ದಾಟಿದವರಿಗೆಲ್ಲ ಅದನ್ನು ಕೊಡುವುದಾಗಿ ಘೋಷಿಸಿತ್ತು. ಅದರಿಂದ ಸಾವು ಕಡಿಮೆಯಾಗುತ್ತದೆ ಅನ್ನುವ ಮೆಟಾ ಅನಾಲಿಸಿಸ್‌ಗಳೂ ಇದ್ದವು. ಆದರೆ ಅವುಗಳಲ್ಲಿ ಕೆಲವು ಈಜಿಪ್ಟಿನ ಒಂದು ದೊಡ್ಡ ಅಧ್ಯಯನವನ್ನು ಸೇರಿಸಿಕೊಂಡಿದ್ದವು. ಅದರ ಅಂಕಿಗಳ ಮೇಲೆ ಗಂಭೀರ ಅನುಮಾನ ಬಂದು 2021ರ ಜುಲೈನಲ್ಲಿ ಅದನ್ನು ಹಿಂತೆಗೆದರು. ಅನುಮಾನಾಸ್ಪದ ಅಧ್ಯಯನಗಳನ್ನು ತೆಗೆದು ಮತ್ತೆ ಕೂಡಿಸಿದಾಗ ಲಾಭ ಮಾಯ! ಖೋಟಾ ವೋಚರ್ ಸೇರಿದರೆ ಟ್ಯಾಲಿ ಎಷ್ಟು ಸರಿಯಿದ್ದರೂ ಲೆಕ್ಕ ಖೋಟಾ. ಅದಕ್ಕೇ ರಿವ್ಯೂ ಮಾಡಿದವರು ಒಂದೊಂದು ಅಧ್ಯಯನದ ಗುಣಮಟ್ಟ ಹೇಗೆ ಪರೀಕ್ಷಿಸಿದರು ಅನ್ನುವ ಭಾಗ ನೋಡಬೇಕು. ಹಿಂತೆಗೆದ ಲೇಖನಗಳ ಮೇಲೆ ಪಬ್‌ಮೆಡ್ ಎದ್ದು ಕಾಣುವ ಪಟ್ಟಿ ಹಾಕಿರುತ್ತದೆ, ಅದನ್ನೂ ನೋಡಬೇಕು. ಇತ್ತೀಚೆಗೆ ಇಂಥ ರಿವ್ಯೂಗಳೂ ಕಾರ್ಖಾನೆ ಮಾಲಿನ ಹಾಗೆ ಬರುತ್ತಿವೆ ಅಂತ ಸ್ಟ್ಯಾನ್‌ಫರ್ಡ್‌ನ ಜಾನ್ ಯೊಆನಿಡಿಸ್ 2016ರಲ್ಲೇ ಬರೆದಿದ್ದಾರೆ. ಒಂದೇ ವಿಷಯಕ್ಕೆ ಐದು ಸಿಕ್ಕರೆ ಹೊಸದನ್ನೂ, ಕಾಕ್ರೇನ್‌ನದು ಇದ್ದರೆ ಅದನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

ಇನ್ನೊಂದು ಪ್ರಶ್ನೆ ನಾವು ಭಾರತದವರು ಮರೆಯಬಾರದು. ಕೂಡಿಸಿದ ಜನ ಯಾರು? ಮೇಲೆ ಹೇಳಿದ ಅಕಾಲ ಹೆರಿಗೆಯ ಇಂಜೆಕ್ಷನ್ ಕತೆ 1989ಕ್ಕೆ ಮುಗಿಯಲಿಲ್ಲ. ಆ ಪ್ರಯೋಗಗಳಲ್ಲಿ ಹೆಚ್ಚಿನವು ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ನಡೆದವು. ಬಡ ದೇಶಗಳ ಹಳ್ಳಿಗಳಲ್ಲಿ ಹಾಗೇ ಕೆಲಸ ಮಾಡೀತೇ ಅಂತ ಆರು ದೇಶಗಳಲ್ಲಿ ಒಂದು ಭಾರಿ ಪ್ರಯೋಗ ಮಾಡಿದರು. ಅದರಲ್ಲಿ ನಮ್ಮ ಬೆಳಗಾವಿಯೂ ಒಂದು ಕೇಂದ್ರ. ಸುಮಾರು 1 ಲಕ್ಷ ಹೆರಿಗೆಗಳ ಆ ಫಲಿತಾಂಶ 2015ರಲ್ಲಿ ಬಂದಾಗ ಎಲ್ಲರಿಗೂ ಆಘಾತ. ಚಿಕ್ಕ ಶಿಶುಗಳ ಸಾವು ಇಳಿಯಲಿಲ್ಲ, ಒಟ್ಟಾರೆ ನವಜಾತ ಶಿಶುಗಳ ಸಾವು ಸ್ವಲ್ಪ ಏರಿತ್ತು. ಹಾಗಾದರೆ ಬಿಟ್ಟುಬಿಡುವುದೇ? ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ 29 ಆಸ್ಪತ್ರೆಗಳಲ್ಲಿ, 2,852 ಗರ್ಭಿಣಿಯರಲ್ಲಿ ಮತ್ತೆ ಪರೀಕ್ಷಿಸಿತು. ಬೆಳಗಾವಿ ಅದರಲ್ಲೂ ಇತ್ತು. ಗರ್ಭದ ಅವಧಿ ಸರಿಯಾಗಿ ಅಳೆದು, ಹುಟ್ಟಿದ ಮಗುವಿಗೆ ಆರೈಕೆ ಇರುವ ಆಸ್ಪತ್ರೆಯಲ್ಲಿ ಕೊಟ್ಟರೆ ಸಾವು ಇಳಿಯುತ್ತದೆ ಅಂತ 2020ರಲ್ಲಿ ಉತ್ತರ ಬಂತು. ಅದೇ ವರ್ಷ ಕಾಕ್ರೇನ್‌ನವರು ತಮ್ಮ ರಿವ್ಯೂವನ್ನು ಹೊಸದು ಮಾಡಿದರು, 27 ಪ್ರಯೋಗ, 11,272 ತಾಯಂದಿರು. ನೋಡಿ, ಲೆಕ್ಕ ಅಂದರೆ ಹೀಗಿರಬೇಕು. ಅನುಮಾನ ಬಂದರೆ ಪುಸ್ತಕ ಮುಚ್ಚುವುದಲ್ಲ, ಮತ್ತೆ ತೆರೆಯುವುದು. ಆ ಮೊತ್ತದಲ್ಲಿ ನಮ್ಮ ಉತ್ತರ ಕರ್ನಾಟಕದ ತಾಯಂದಿರ ಪಾಲೂ ಇದೆ ಅನ್ನುವುದು ನನಗೆ ದೊಡ್ಡ ಸಂಗತಿ ಅನ್ನಿಸುತ್ತದೆ.

"ಅರೆಬರೆ ಜ್ಞಾನ ಅಪಾಯ, ಡಾಕ್ಟರ ಕೆಲಸ ಡಾಕ್ಟರಿಗೆ ಬಿಡಿ" ಅಂತ ನನ್ನ ಸ್ನೇಹಿತರೊಬ್ಬರು ವಾದಿಸುತ್ತಾರೆ. ಅರ್ಧ ಒಪ್ಪುತ್ತೇನೆ. ಎದೆನೋವು ಬಂದಾಗ ಪಬ್‌ಮೆಡ್ ತೆರೆಯುವವನು ಮೂರ್ಖ. ಆದರೆ ಅರೆಬರೆ ಜ್ಞಾನ ಈಗಾಗಲೇ ಮನೆಗೆ ಬಂದಾಗಿದೆಯಲ್ಲ ಸ್ವಾಮಿ, ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವಿನ ಜತೆಗೇ! ಅದನ್ನು ತಡೆಯಲು ನಮ್ಮಿಂದಾಗದು. ಅದರ ಪಕ್ಕದಲ್ಲಿ ಪೂರ್ತಿ ಲೆಕ್ಕ ಇಡುವುದು ಮಾತ್ರ ನಮ್ಮ ಕೈಯಲ್ಲಿದೆ. ಒಂಟಿ ಅಧ್ಯಯನ ಓದಿದವನಿಗೆ ಧೈರ್ಯ ಹೆಚ್ಚುತ್ತದೆ, ಒಳ್ಳೆಯ ರಿವ್ಯೂ ಓದಿದವನಿಗೆ ವಿನಯ ಹೆಚ್ಚುತ್ತದೆ. ಯಾಕೆಂದರೆ ಅದು ಹೌದು-ಅಲ್ಲ ಅನ್ನುವುದು ಕಡಿಮೆ. ನೆಗಡಿಗೆ ವಿಟಮಿನ್ ಸಿ ತಗೊಳ್ಳಿ. 2013ರ ಕಾಕ್ರೇನ್ ರಿವ್ಯೂ ಪ್ರಕಾರ ದಿನಾ ತಗೊಂಡರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪುವುದಿಲ್ಲ. ಬಂದ ನೆಗಡಿಯ ಅವಧಿ ದೊಡ್ಡವರಲ್ಲಿ ಶೇಕಡಾ 8, ಮಕ್ಕಳಲ್ಲಿ 14 ಕಡಿಮೆ. ಮ್ಯಾರಥಾನ್ ಓಡುವಂಥವರಲ್ಲಿ ಮಾತ್ರ ನೆಗಡಿ ಅರ್ಧಕ್ಕಿಳಿಯಿತು. ನೆಗಡಿ ಶುರುವಾದ ಮೇಲೆ ತಗೊಂಡರೆ ನಿಶ್ಚಿತ ಪ್ರಯೋಜನ ಕಾಣಲಿಲ್ಲ. ಇಷ್ಟೊಂದು "ಆದರೆ"ಗಳಿರುವ ಸಂದೇಶವನ್ನು ವಾಟ್ಸಪ್ಪಿನಲ್ಲಿ ಯಾರು ಮುಂದೆ ಕಳಿಸುತ್ತಾರೆ ಹೇಳಿ? ಸತ್ಯದ ಕಷ್ಟ ಅದು.

ಈಗಂತೂ ಕೃತಕ ಬುದ್ಧಿಮತ್ತೆಯ ಕಾಲ. ಮಕ್ಕಳು ಅದನ್ನೇ ಕೇಳುತ್ತಾರೆ, ಅದು ನುಣುಪಾಗಿ ಉತ್ತರ ಕೊಟ್ಟು ಕೆಳಗೆ ಲೇಖನಗಳ ಹೆಸರೂ ಹಾಕುತ್ತದೆ. ಉಪಯೋಗಿಸಿ, ಬೇಡ ಅನ್ನುವುದಿಲ್ಲ. ಆದರೆ ಇಲ್ಲದ ಲೇಖನಗಳ ಹೆಸರು ಹೇಳುವ ಅಭ್ಯಾಸ ಅವುಗಳಿಗಿದೆ. ಪಬ್‌ಮೆಡ್‌ನ ಪ್ರತಿ ದಾಖಲೆಗೂ ಪಿಎಂಐಡಿ ಅನ್ನುವ ಒಂದು ಸಂಖ್ಯೆ ಇರುತ್ತದೆ, ಚೆಕ್ಕಿನ ನಂಬರಿನ ಹಾಗೆ. ಆ ಸಂಖ್ಯೆ ಕೇಳಿ, ಪಬ್‌ಮೆಡ್‌ನಲ್ಲಿ ಹಾಕಿ ನೋಡಿ. ಅದೇ ಲೇಖನ ಬಂದರೆ ಓದಿ. ಬರದಿದ್ದರೆ ಚೆಕ್ ಬೌನ್ಸ್ ಅಂತ ತಿಳಿಯಿರಿ.

ಕೊನೆಯದಾಗಿ, ನಮ್ಮಂಥವರ ಹೊಣೆಯ ಬಗ್ಗೆ ಒಂದು ಮಾತು. ಈ ರಿವ್ಯೂಗಳೆಲ್ಲ ಇಂಗ್ಲಿಷಿನಲ್ಲಿವೆ. ಊರಿನಲ್ಲಿರುವ ಚಿಕ್ಕಮ್ಮ ಇದನ್ನು ಓದಲಾರಳು, ಓದಲಿ ಅಂತ ನಿರೀಕ್ಷಿಸುವುದೂ ತಪ್ಪು. ಆದರೆ ಅವಳಿಗೆ ನಾಲ್ಕು ಸಾಲು ಕನ್ನಡದಲ್ಲಿ ಹೇಳಬಲ್ಲವರು ನಾವಿದ್ದೇವೆ. ಎಷ್ಟು ಪ್ರಯೋಗ, ಎಷ್ಟು ಜನ, ಏನು ಗೊತ್ತಾಯಿತು, ಏನು ಇನ್ನೂ ಗೊತ್ತಿಲ್ಲ. ಐದನೆಯ ಸಾಲು ಯಾವಾಗಲೂ ಒಂದೇ ಇರಲಿ: "ಇದನ್ನು ನಿಮ್ಮ ಡಾಕ್ಟರ ಹತ್ತಿರ ಕೇಳಿ, ಅವರನ್ನು ಕೇಳದೆ ಏನೂ ನಿಲ್ಲಿಸಬೇಡಿ." ಬರೀ ಫಾರ್ವರ್ಡ್ ಒತ್ತಲು ಒಂದು ಸೆಕೆಂಡು, ಇಷ್ಟು ಮಾಡಲು ಅರ್ಧ ಗಂಟೆ. ಸಾಲದ ಅರ್ಜಿಯೊಂದಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇವೆ, ಜೀವದ ವಿಷಯಕ್ಕೆ ಕೊಡಬಾರದೇ?

ಇನ್ನು ಮುಂದೆ "ಹೊಸ ಸಂಶೋಧನೆ ಹೇಳುತ್ತದೆ" ಅನ್ನುವ ಸಾಲು ಕಂಡಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಹಳೆಯ ಸಂಶೋಧನೆಗಳನ್ನೂ ಸೇರಿಸಿ ಕೂಡಿಸಿದರೆ ಎಷ್ಟಾಗುತ್ತದೆ? ನೀವೇನಂತೀರಿ?